ಕಡಲ ಹುಲ್ಲು, ಕೆರೆಯ ಗೋಡು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ಊರುಗಳ ಸುತ್ತಮುತ್ತ ಕುಳಿತು ರೇಡಿಯೋ ಕೇಳುತ್ತಿರುವವರಿಗೆ ಕಡಲು ಬಲು ದೂರ. ಚೆನ್ನೈ ಕಡೆ ಹೊರಟರೂ ಮಂಗಳೂರು ಕಡೆ ಹೊರಟರೂ ಒಂದು ಹಗಲಿನ ದಾರಿ. ಆದರೂ ಈ ಹೊತ್ತಿನ ಮಾತನ್ನು ಕಡಲ ತಳದಲ್ಲಿ ಬೆಳೆಯುವ ಒಂದು ಹುಲ್ಲಿನಿಂದ ಶುರುಮಾಡುತ್ತೇನೆ. ಆ ಹುಲ್ಲಿನ ಕೆಲಸ ತಿಳಿದರೆ ನಮ್ಮ ಕೆರೆಯ ಗೋಡುಮಣ್ಣಿನ ಬೆಲೆಯೂ ತಿಳಿಯುತ್ತದೆ.

ಕಡಲಿಗೂ ನಮಗೂ ನಂಟಿಲ್ಲ ಎನ್ನುವಂತಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು, ಆಂಧ್ರ ದಾಟಿ, ನೆಲ್ಲೂರಿನ ಬಳಿ ಬಂಗಾಳಕೊಲ್ಲಿ ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿನ ಹತ್ತಿರ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿ ಎರಡೂ ಉತ್ತರ ಪಿನಾಕಿನಿಗೆ ಕೂಡುತ್ತವೆ. ಪಾಲಾರ್ ತನ್ನದೇ ದಾರಿಯಲ್ಲಿ ಮೂಡಣಕ್ಕೆ ಹರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಬಿದ್ದ ಮಳೆಹನಿಗೆ ಹರಿಯುವ ಶಕ್ತಿ ಇದ್ದರೆ, ಅದು ಕೊನೆಗೆ ಮುಟ್ಟುವುದು ಬಂಗಾಳಕೊಲ್ಲಿಯನ್ನೇ.

ಈಗ ಆ ಹುಲ್ಲಿನ ವಿಷಯ. ಆಳವಿಲ್ಲದ, ತಿಳಿಯಾದ ಕಡಲ ನೀರನ್ನು ಊಹಿಸಿಕೊಳ್ಳಿ. ಎದೆಮಟ್ಟ, ಆಳುದ್ದ, ಕೆಲವು ಕಡೆ ಇನ್ನೂ ಹೆಚ್ಚು. ತಳದಲ್ಲಿ ಮರಳು, ಕೆಸರು. ಅದರ ಮೇಲೆ ಹಸಿರು ರಿಬ್ಬನ್ನಿನಂಥ ಎಲೆಗಳು ಒತ್ತೊತ್ತಾಗಿ ಎದ್ದು ಅಲೆಯ ಜೊತೆ ಬಾಗುತ್ತಿವೆ. ಇದು ಪಾಚಿ ಅಲ್ಲ. ಬೇರು, ಕಾಂಡ, ಹೂವು, ಬೀಜ ಎಲ್ಲವೂ ಇರುವ ಸಸ್ಯ. ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲದ ಮೇಲಿದ್ದ ಸಸ್ಯಗಳ ಒಂದು ಕವಲು ಕಡಲಿಗೆ ಇಳಿದು ಅಲ್ಲೇ ನೆಲೆ ನಿಂತಿತು. ಅದು ಹೂ ಬಿಡುವುದೂ ನೀರೊಳಗೇ, ಪರಾಗ ಸಾಗುವುದೂ ನೀರಿನಲ್ಲೇ. ನಮ್ಮ ದೇಶದಲ್ಲಿ ಇಂಥ ದೊಡ್ಡ ಹುಲ್ಲುಗಾವಲುಗಳು ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ ಮತ್ತು ಅಂಡಮಾನ್ ದ್ವೀಪಗಳಲ್ಲಿವೆ. ಇದನ್ನು ಮೇಯ್ದು ಬದುಕುವ ಕಡಲ ಹಸುವಿಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ ಪಾಕ್ ಕೊಲ್ಲಿಯಲ್ಲಿ ಸುಮಾರು 450 ಚದರ ಕಿಲೋಮೀಟರ್ ಜಾಗವನ್ನು ಕಾಯ್ದಿಟ್ಟಿತು.

ವಿಜ್ಞಾನಿಗಳು ಈ ಹುಲ್ಲಿನ ಬೆನ್ನು ಹತ್ತಿರುವುದು ಇಂಗಾಲದ ಕಾರಣಕ್ಕೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ಹೀಗೆ ಏರಿದ್ದನ್ನು ಇಳಿಸಿ, ಇಳಿಸಿದ್ದನ್ನು ಹಿಡಿದಿಡುವ ಜಾಗಗಳು ಬೇಕು. ಕಡಲ ಹುಲ್ಲುಗಾವಲು ಅಂಥ ಜಾಗ. ಜಗತ್ತಿನ ಕಡಲ ತಳದಲ್ಲಿ ಅದರ ಪಾಲು ಸಾವಿರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಆದರೆ ಕಡಲು ಪ್ರತಿ ವರ್ಷ ತನ್ನ ತಳದಲ್ಲಿ ಹೂಳುವ ಇಂಗಾಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಈ ಹುಲ್ಲುಗಾವಲುಗಳದ್ದು ಎಂದು ಅಂದಾಜು. ಒಂದು ಹೆಕ್ಟೇರ್ ಹುಲ್ಲುಗಾವಲಿನ ಕೆಳಗೆ, ಒಂದು ಮೀಟರ್ ಆಳದ ಕೆಸರಿನಲ್ಲಿ, 100 ಟನ್ನಿಗೂ ಮಿಕ್ಕಿ ಇಂಗಾಲ ಇರುವುದು ಸಾಮಾನ್ಯ. ಹೀಗೆ ಕಡಲ ಅಂಚಿನಲ್ಲಿ ಕೂಡಿರುವ ಇಂಗಾಲಕ್ಕೆ 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೊಂದು ನೀಲಿ ಇಂಗಾಲ ಎಂದು ಹೆಸರಿಟ್ಟಿತು.

ಕೇಳುಗರೆ, ಕಡಲ ಹುಲ್ಲು ಎಂಥದ್ದು, ಅದು ಎಷ್ಟು ಇಂಗಾಲ ಹಿಡಿದಿದೆ ಎಂಬುದನ್ನು ನೋಡಿದೆವು. ಅಷ್ಟನ್ನು ಅದು ಹಿಡಿಯುವುದು ಹೇಗೆ?

ಎಲೆ ಎಷ್ಟು ಹಸಿರು ಎಂಬುದರಲ್ಲಿ ಉತ್ತರ ಇಲ್ಲ. ಹಸಿರೆಲೆ ನಮ್ಮ ಹೊಲದಲ್ಲೂ ಇದೆ. ರಾಗಿ ಪೈರೂ ಗಾಳಿಯಿಂದ ಇಂಗಾಲ ಹೀರುತ್ತದೆ. ಆದರೆ ಆರು ತಿಂಗಳೊಳಗೆ ಕಾಳು ನಮ್ಮ ಹೊಟ್ಟೆಗೆ, ಹುಲ್ಲು ದನದ ಹೊಟ್ಟೆಗೆ ಹೋಗಿ, ಆ ಇಂಗಾಲದ ಬಹುಪಾಲು ಉಸಿರಿನ ಮೂಲಕ ಮತ್ತೆ ಗಾಳಿಗೆ ಸೇರುತ್ತದೆ. ಹೀರುವುದು ಸುಲಭ. ಹಿಡಿದಿಡುವುದು ಕಷ್ಟ.

ಕಡಲ ಹುಲ್ಲು ಹಿಡಿದಿಡುವುದರಲ್ಲಿ ಗಟ್ಟಿ. ಅದರ ಒಡಲಿನ ದೊಡ್ಡ ಭಾಗ ಕೆಸರಿನೊಳಗೇ ಇದೆ. ಬೇರು, ನೆಲದಡಿ ಹರಿದಾಡುವ ಕಾಂಡ, ಎಲ್ಲವೂ ಸತ್ತ ಮೇಲೆ ಇದ್ದಲ್ಲೇ ಉಳಿಯುತ್ತವೆ. ಎಲೆಗಳು ನೀರಿನ ಓಟವನ್ನು ತಡೆಯುತ್ತವೆ. ತಡೆದಾಗ ನೀರಿನಲ್ಲಿ ತೇಲಿ ಬಂದ ಸಣ್ಣ ಕಣಗಳು ತಳಕ್ಕೆ ಇಳಿಯುತ್ತವೆ. ಹಾಗಾಗಿ ಅಲ್ಲಿ ಕೂಡಿದ ಇಂಗಾಲದಲ್ಲಿ ಹುಲ್ಲಿನದೇ ಒಂದು ಪಾಲು, ಬೇರೆ ಕಡೆಯಿಂದ ಬಂದದ್ದು ಇನ್ನೊಂದು ಪಾಲು. ಕೆಸರಿನ ಮೇಲ್ಪದರ ದಾಟಿದರೆ ಒಳಗೆ ಆಮ್ಲಜನಕವೇ ಇಲ್ಲ. ಆಮ್ಲಜನಕ ಇಲ್ಲದ ಕಡೆ ಕೊಳೆಯುವ ಕೆಲಸ ಬಹಳ ನಿಧಾನ.

ಹಿರಿಯರಿಗೆ ಹಗೇವು ನೆನಪಿರಬೇಕು. ನೆಲದೊಳಗೆ ಅಗೆದ ಗುಂಡಿ. ಅದರೊಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು, ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಆ ಕತ್ತಲಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕಡಲ ಹುಲ್ಲಿನ ಕೆಸರು ಇಂಗಾಲದ ಹಗೇವು. ಮೆಡಿಟರೇನಿಯನ್ ಕಡಲಿನ ಒಂದು ಜಾತಿಯ ಹುಲ್ಲು ಹೀಗೆ ಪದರದ ಮೇಲೆ ಪದರ ಕಟ್ಟುತ್ತಾ ಹಲವು ಮೀಟರ್ ದಪ್ಪದ ಹಾಸು ಮಾಡಿದೆ. ಅದರ ಅಡಿಯ ಪದರಗಳಿಗೆ ಸಾವಿರಾರು ವರ್ಷ ವಯಸ್ಸು.

ಆದರೆ ಮುಚ್ಚಳ ತೆಗೆದರೆ ಹಗೇವಿನ ಕಾಳು ಉಳಿಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ಜಗತ್ತಿನ ಅತಿ ದೊಡ್ಡ ಕಡಲ ಹುಲ್ಲುಗಾವಲುಗಳಲ್ಲೊಂದು ಇದೆ. 2010ರ ಕೊನೆ, 2011ರ ಮೊದಲ ತಿಂಗಳುಗಳಲ್ಲಿ ಅಲ್ಲಿಯ ನೀರು ವಿಪರೀತ ಬಿಸಿಯಾಯಿತು. ಸುಮಾರು ಮೂರನೇ ಒಂದು ಪಾಲು ಹುಲ್ಲು ಹಾಳಾಯಿತು. ಹುಲ್ಲು ಹೋದ ಕಡೆ ಕೆಸರು ಕದಡಿತು. ಮುಂದಿನ ಮೂರು ವರ್ಷಗಳಲ್ಲಿ 20 ಲಕ್ಷದಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರಬಹುದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು. ಇಂಗಾಲ ಉಳಿಯಲು ಮೂರು ಬೇಕು. ಕಣಗಳು ಇಳಿದು ಕೂರುವಂತೆ ನೀರು ನಿಲ್ಲಬೇಕು. ಕೆಸರಿನೊಳಗೆ ಗಾಳಿ ಆಡಬಾರದು. ಕೂತದ್ದನ್ನು ಯಾರೂ ಕದಡಬಾರದು. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಮ್ಮ ಊರಿಗೆ ಬರೋಣ.

ನೀರು ನಿಂತು, ಕಣಗಳು ತಳಕ್ಕೆ ಇಳಿಯುವ ಜಾಗ ನಮ್ಮಲ್ಲಿ ಯಾವುದು? ಕೆರೆ. ಅವಿಭಜಿತ ಕೋಲಾರ ಜಿಲ್ಲೆ ಎಂದರೆ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳ ಸೀಮೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಅವುಗಳಲ್ಲಿ ಒಂದು ದೊಡ್ಡ ಪಾಲು ನಮಗೆ ಬಂತು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ ಇದು. ಬೀಳುವ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಚೀಚೆ. ಆ ಮಳೆಯನ್ನು ತಡೆದು ನಿಲ್ಲಿಸಲು ಹಿಂದಿನವರು ಏರಿಯ ಕೆಳಗೆ ಏರಿ, ಕೋಡಿಯ ಕೆಳಗೆ ಕೆರೆ ಎಂದು ಸರಪಳಿಯಾಗಿ ಕಟ್ಟಿದರು.

ಕೆರೆಗೆ ನೀರಷ್ಟೇ ಬರುವುದಿಲ್ಲ, ಮಣ್ಣೂ ಬರುತ್ತದೆ. ಒಂದು ಎಕರೆ ಹೊಲದ ಮೇಲಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ, ಅದರ ತೂಕ ಐದಾರು ಟನ್. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ, ಆದರೆ ಹೊಲದ ಸಾರವೆಲ್ಲ ಇರುವುದು ಅದರಲ್ಲೇ. ಎಲೆಪುಡಿ, ಗೊಬ್ಬರದ ಕಣ, ಜೇಡಿಯ ನುಣ್ಣನೆ ಅಂಶ, ಎಲ್ಲವೂ ಹಗುರ. ಹಗುರವಾದದ್ದು ಮೊದಲು ತೇಲಿ ಹೋಗುತ್ತದೆ. ಹೋಗಿ ಕೆರೆಯಂಗಳದಲ್ಲಿ ಕೂರುತ್ತದೆ. ಅದರ ಜೊತೆಗೆ ಕೆರೆಯದೇ ಜೊಂಡು, ನೀರೊಳಗಿನ ಗಿಡ, ಪಾಚಿ ಸತ್ತು ಸೇರುತ್ತವೆ. ಇದೇ ನಾವು ಗೋಡು ಎನ್ನುವ ಮಣ್ಣು. ಕೆಂಪು ಹೊಲದ ಪಕ್ಕದಲ್ಲಿಟ್ಟರೆ ಅದು ಕಪ್ಪಗೆ ಕಾಣುವುದಕ್ಕೆ ಅದರೊಳಗಿನ ಸಾವಯವ ಅಂಶವೂ ಒಂದು ಕಾರಣ. ಸಾವಯವ ಅಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗಾಲ.

ಬೇರೆ ದೇಶದವರೂ ಇದನ್ನು ಅಳೆದಿದ್ದಾರೆ. ಅಮೆರಿಕದ ಅಯೋವಾ ರಾಜ್ಯ ಮೆಕ್ಕೆಜೋಳದ ಸೀಮೆ. ಅಲ್ಲಿ ಹೊಲಗಳ ನಡುವಿನ ಜಲಾಶಯಗಳ ಹೂಳನ್ನು ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಅಚ್ಚರಿಯ ಮಾತು ಹೇಳಿತು. ಎಕರೆಗೆ ಎಕರೆ ಹೋಲಿಸಿದರೆ, ಇಂಥ ಜಲಾಶಯಗಳು ಕಡಲ ತಳಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಇಂಗಾಲವನ್ನು ಹೂಳುತ್ತವೆ.

ಹಾಗಾದರೆ ನಮ್ಮ ಕೆರೆಯಂಗಳ ಕಡಲ ಹುಲ್ಲುಗಾವಲಿಗೆ ಸಮ ಎನ್ನಬಹುದೇ? ಅವಸರ ಬೇಡ. ನೀರು ನಿಲ್ಲುತ್ತದೆ, ಗೋಡು ಕೂರುತ್ತದೆ, ಅಷ್ಟು ಸರಿ. ಆದರೆ ಎರಡು ದೊಡ್ಡ ವ್ಯತ್ಯಾಸಗಳಿವೆ.

ಮೊದಲನೆಯದು ಮೀಥೇನ್. ಕಡಲ ನೀರಿನಲ್ಲಿ ಸಲ್ಫೇಟ್ ಎಂಬ ಲವಣ ಧಾರಾಳವಾಗಿದೆ. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಆ ಸಲ್ಫೇಟನ್ನು ಬಳಸಿ ಬದುಕುವ ಸೂಕ್ಷ್ಮಜೀವಿಗಳ ಕೈ ಮೇಲು. ಮೀಥೇನ್ ಉಂಟುಮಾಡುವ ಜೀವಿಗಳಿಗೆ ಅಲ್ಲಿ ಆಹಾರ ಉಳಿಯುವುದು ಕಡಿಮೆ. ಕೆರೆಯ ಸಿಹಿನೀರಿನಲ್ಲಿ ಸಲ್ಫೇಟ್ ಅಷ್ಟಿಲ್ಲ. ಅಲ್ಲಿ ಮೀಥೇನ್ ಜೀವಿಗಳದೇ ರಾಜ್ಯ. ಬೇಸಿಗೆಯಲ್ಲಿ ಕೆರೆಯ ಕೆಸರಿಗೆ ಕಾಲಿಟ್ಟರೆ ಗುಳುಗುಳು ಎಂದು ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಭಾರತದ ಕೆರೆಕುಂಟೆ, ಹೊಳೆಗಳಲ್ಲಿ ಅಳತೆ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ, ಈ ಮೀಥೇನನ್ನು ಬಿಟ್ಟು ದೇಶದ ಇಂಗಾಲದ ಲೆಕ್ಕ ಹಾಕುವಂತಿಲ್ಲ ಎಂದು ತೋರಿಸಿತು.

ಎರಡನೆಯದು ಬತ್ತುವುದು. ಕಡಲು ಬತ್ತುವುದಿಲ್ಲ. ನಮ್ಮ ಕೆರೆ ಬತ್ತುತ್ತದೆ. ಬತ್ತಿದ ಅಂಗಳ ಬಿರಿಯುತ್ತದೆ. ಒಂದು ಗೇಣು ಆಳದ ಬಿರುಕುಗಳಲ್ಲಿ ಗಾಳಿ ನುಗ್ಗುತ್ತದೆ. ಹಗೇವಿನ ಬಾಯಿ ಆಗ ತಾನೇ ತೆರೆದುಕೊಳ್ಳುತ್ತದೆ. ಕೂತ ಇಂಗಾಲದ ಒಂದು ಪಾಲು ಮತ್ತೆ ಗಾಳಿಯ ಪಾಲು.

ಹೀಗಾಗಿ ಕೆರೆ ಇಂಗಾಲವನ್ನು ಕೂಡಿಸುತ್ತದೆ, ಆದರೆ ಪೂರ್ತಿ ಕಾಯುವುದಿಲ್ಲ. ಕಾಯುವ ಕೆಲಸಕ್ಕೆ ನಮ್ಮ ಕೈ ಬೇಕು. ಗೋಡು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆ ದಾರಿಗಳನ್ನು ಈಗ ಒಂದೊಂದಾಗಿ ನೋಡೋಣ.

ಒಂದು ದಾರಿ ಇಟ್ಟಿಗೆ ಗೂಡಿಗೆ ಹೋಗುತ್ತದೆ. ಕೆರೆಯ ಜೇಡಿಮಣ್ಣು ಇಟ್ಟಿಗೆಗೆ ಒಳ್ಳೆಯದು. ಆದರೆ ಗೂಡಿನ ಬೆಂಕಿಯಲ್ಲಿ ಅದರೊಳಗಿನ ಇಂಗಾಲ ಉರಿದು ಹೋಗುತ್ತದೆ. ಹತ್ತಾರು ವರ್ಷ ಕೂಡಿದ್ದು ಕೆಲವೇ ದಿನಗಳಲ್ಲಿ ಹೊಗೆ.

ಎರಡನೆಯ ದಾರಿ, ಹೂಳೆತ್ತಿ ಕೆರೆಯ ಅಂಚಿನಲ್ಲೇ ಗುಡ್ಡೆ ಹಾಕುವುದು. ಮುಂದಿನ ಮಳೆಗೆ ಅದು ಮತ್ತೆ ಕೆರೆಗೇ ಇಳಿಯುತ್ತದೆ. ಹಣವೂ ನೀರುಪಾಲು.

ಮೂರನೆಯ ದಾರಿ ಹೊಲಕ್ಕೆ. ಇದು ನಮ್ಮವರ ಹಳೆಯ ದಾರಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದರು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಶುರುವಾದ ಜಲಸಂವರ್ಧನೆ ಯೋಜನೆಗೆ ಕೋಲಾರ ಜಿಲ್ಲೆಯೂ ಸೇರಿತ್ತು. ಕೆರೆ ಬಳಕೆದಾರರ ಸಂಘಗಳು ಆಗ ಹೂಳೆತ್ತುವ ಕೆಲಸಕ್ಕೆ ಕೈಹಾಕಿದವು. ಗೋಡು ಬಿದ್ದ ಕೆಂಪು ಹೊಲ ನೀರನ್ನು ಹೆಚ್ಚು ಹೊತ್ತು ಹಿಡಿಯುತ್ತದೆ. ಅದರ ಜೇಡಿ ಕಣಗಳು ಸಾವಯವ ಅಂಶವನ್ನು ಅಂಟಿಸಿಕೊಂಡು ಸೂಕ್ಷ್ಮಜೀವಿಗಳ ಬಾಯಿಂದ ಒಂದಿಷ್ಟು ಕಾಪಾಡುತ್ತವೆ. ಎಲ್ಲ ಇಂಗಾಲ ಉಳಿಯುವುದಿಲ್ಲ. ಆದರೆ ಒಂದು ಪಾಲು ಉಳಿಯುತ್ತದೆ, ಬೆಳೆ ಚೆನ್ನಾಗಿ ಬಂದರೆ ಹೊಸ ಬೇರುಗಳಿಂದ ಇನ್ನೊಂದು ಪಾಲು ಸೇರುತ್ತದೆ.

ಗೋಡಿಗೆ ಮೂರು ದಾರಿ, ಅವುಗಳಲ್ಲಿ ಹೊಲದ ದಾರಿ ಮೇಲು ಎಂದಾಯಿತು. ಹೊಲಕ್ಕೆ ಬಂದ ಇಂಗಾಲ ಎಷ್ಟು, ಅದರ ತೂಕವೇನು ಎಂಬ ಲೆಕ್ಕ ಇನ್ನು ಮುಂದೆ. ಒಂದು ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ.

ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 900 ಟನ್. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಎಂದು ಒಂದು ಸಾಲು ಇರುತ್ತದೆ. ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಎಂದು, 0.75 ದಾಟಿದರೆ ಹೆಚ್ಚು ಎಂದು ಬರೆಯುತ್ತಾರೆ. ನಮ್ಮ ಮಳೆಯಾಶ್ರಿತ ಕೆಂಪು ಹೊಲಗಳಲ್ಲಿ ಕಡಿಮೆ ಎಂಬ ಮಾತೇ ಹೆಚ್ಚು. ನಿಮ್ಮ ಚೀಟಿಯಲ್ಲಿ 0.4 ಇದೆ ಎನ್ನಿ. ಆಗ ಆ ಎಕರೆಯ ಮೇಲ್ಮಣ್ಣಿನಲ್ಲಿ ಮೂರೂವರೆ ಟನ್ ಇಂಗಾಲ ಇದೆ. ಅದು 0.5ಕ್ಕೆ ಏರಿದರೆ ಹೆಚ್ಚು ಕಡಿಮೆ ಇನ್ನೊಂದು ಟನ್ ಸೇರಿತು. ಆ ಒಂದು ಟನ್ ಗಾಳಿಯಲ್ಲಿದ್ದಿದ್ದರೆ ಮೂರು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಗುತ್ತಿತ್ತು. ಅಂದರೆ ಸುಮಾರು 1,400 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಚೀಟಿಯಲ್ಲಿ ಅದು ಒಂದು ಸಣ್ಣ ಅಂಕಿ. ಅದನ್ನು ಏರಿಸಲು ಹಲವು ವರ್ಷ ಬೇಕು. ನಮ್ಮ ಬಿಸಿಲಿಗೆ ಮಣ್ಣಿನ ಸಾವಯವ ಅಂಶ ಬೇಗ ಕರಗುತ್ತದೆ. ಅದಕ್ಕೇ ಪ್ರತಿ ವರ್ಷ ಏನಾದರೂ ಕೊಡುತ್ತಲೇ ಇರಬೇಕು.

ಕೊಡಲು ನಮ್ಮಲ್ಲಿ ಏನಿದೆ? ತಾಲ್ಲೂಕಿಗೊಂದು ಉದಾಹರಣೆ ಸಾಕು.

ಶಿಡ್ಲಘಟ್ಟ ರೇಷ್ಮೆಯ ಊರು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷ ನಿಲ್ಲುವ ಬೆಳೆ. ಎಲೆ ಕೊಯ್ದರೂ ಬೇರು ನೆಲದಲ್ಲೇ ಇರುತ್ತದೆ. ಕಡಲ ಹುಲ್ಲಿನ ಗುಣ ನಮ್ಮ ಬೆಳೆಗಳಲ್ಲಿ ಸ್ವಲ್ಪವಾದರೂ ಇರುವುದು ಇದಕ್ಕೆ. ಮರಪದ್ಧತಿಯಲ್ಲಿ ಬೆಳೆಸಿದರೆ ಬೇರು ಇನ್ನೂ ಆಳ. ಹುಳುಮನೆಯಿಂದ ಬರುವ ಹಿಕ್ಕೆ, ತಿಂದುಳಿದ ಎಲೆ, ಕಡ್ಡಿ ಇವೆಲ್ಲ ಗೊಬ್ಬರದ ಗುಂಡಿಗೆ ಹೋಗಬೇಕು. ಕಡ್ಡಿಯನ್ನು ಒಲೆಗೆ ಹಾಕಿದರೆ ಅದರ ಇಂಗಾಲ ಅಂದೇ ಮುಗಿಯಿತು. ಕತ್ತರಿಸಿ ಗುಂಡಿಗೆ ಹಾಕಿದರೆ ಅದರಲ್ಲಿ ಒಂದು ಪಾಲು ತೋಟಕ್ಕೆ ಮರಳುತ್ತದೆ.

ಚಿಂತಾಮಣಿ ಕಡೆ ರಾಗಿ, ಟೊಮೆಟೊ, ಮಾವು, ಬದುವಿನ ಹುಣಸೆ, ಹೊಂಗೆ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುವ ಪದ್ಧತಿ ನಮ್ಮ ಅಜ್ಜಂದಿರಿಗೆ ಹೊಸದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಗಿಯ ಮೇಲೆ ದಶಕಗಳ ಕಾಲ ನಡೆದ ಪ್ರಯೋಗಗಳೂ ಅದೇ ದಿಕ್ಕು ತೋರಿಸಿವೆ. ಬರೀ ರಸಗೊಬ್ಬರಕ್ಕಿಂತ, ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಸೇರಿದ ತಾಕುಗಳಲ್ಲಿ ಮಣ್ಣಿನ ಇಂಗಾಲವೂ ಇಳುವರಿಯೂ ಚೆನ್ನಾಗಿ ಉಳಿದವು.

ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಹೆಚ್ಚು. ತೆನೆ ಮುರಿದ ಮೇಲೆ ಹೊಲದ ತುಂಬ ದಂಟು. ದನಕ್ಕೆ ಬೇಕಾದಷ್ಟು ಹೋಗಲಿ. ಉಳಿದದ್ದಕ್ಕೆ ಬೆಂಕಿ ಬೇಡ. ಮುಚ್ಚಿಗೆಯಾಗಿ ಹಾಸಿದರೆ ಮಣ್ಣಿನ ತೇವವೂ ಉಳಿಯುತ್ತದೆ, ಮಳೆಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿ ಹೋಗುವುದೂ ಕಡಿಮೆಯಾಗುತ್ತದೆ. ಹೊಲದಲ್ಲೇ ಉಳಿದ ಮಣ್ಣಿಗೆ ಹೂಳೆತ್ತುವ ಖರ್ಚಿಲ್ಲ.

ಇನ್ನು ಚಿಕ್ಕಬಳ್ಳಾಪುರ. ಇಲ್ಲಿಯ ಕಥೆ ನೀರಿನದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು 2020ರ ಹೊತ್ತಿಗೆ ಕಂದವಾರ ಕೆರೆಗೆ ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು. ಕೆರೆ ತುಂಬಿದ್ದರೆ ಅಂಗಳ ಬಿರಿಯುವುದಿಲ್ಲ, ಅದು ಲಾಭ. ಆದರೆ ಈ ನೀರನ್ನು ಮೂರನೇ ಹಂತದವರೆಗೂ ಶುದ್ಧಮಾಡಿ ಕೊಡಿ ಎಂಬುದು ಇಲ್ಲಿಯ ಹೋರಾಟಗಾರರ ಹಳೆಯ ಬೇಡಿಕೆ. ಇಂಗಾಲದ ಲೆಕ್ಕದಲ್ಲೂ ಆ ಬೇಡಿಕೆಗೆ ಅರ್ಥವಿದೆ. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ ಉಳಿದಿದ್ದರೆ ಪಾಚಿ, ಜೊಂಡು ಹೆಚ್ಚುತ್ತವೆ. ಅವು ಸತ್ತು ತಳ ಸೇರಿ ಕೊಳೆತಾಗ ಮೀಥೇನ್ ಹೆಚ್ಚುತ್ತದೆ. ಕಡಲ ಹುಲ್ಲಿಗೂ ಇದೇ ಶತ್ರು. ಊರ ಕೊಳಚೆ ಕಡಲು ಸೇರಿದ ಕಡೆ ಪಾಚಿ ಮೇಲೆದ್ದು ಬೆಳಕು ಮುಚ್ಚುತ್ತದೆ. ಬೆಳಕಿಲ್ಲದೆ ಹುಲ್ಲು ಸಾಯುತ್ತದೆ. ಜಗತ್ತಿನಲ್ಲಿ ಅಳತೆಗೆ ಸಿಕ್ಕ ಕಡಲ ಹುಲ್ಲುಗಾವಲುಗಳಲ್ಲಿ ಹತ್ತಕ್ಕೆ ಮೂರು ಪಾಲು ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಮಾಯವಾಗಿದೆ. ಅದಕ್ಕೆ ನೀರು ಕೊಳಕಾದದ್ದು ಒಂದು ದೊಡ್ಡ ಕಾರಣ.

ಕೇಳುಗರೆ, ಸಮಯ ಮುಗಿಯುತ್ತಾ ಬಂತು. ಹೇಳಿದ್ದನ್ನೆಲ್ಲ ಒಮ್ಮೆ ಕಟ್ಟಿ ಕೊಡುತ್ತೇನೆ. ಇಂಗಾಲವನ್ನು ಹೀರುವುದು ಎಲ್ಲ ಹಸಿರಿನ ಕೆಲಸ. ಹಿಡಿದಿಡುವುದು ಕೆಲವೇ ಜಾಗಗಳ ಕೆಲಸ. ಕಡಲ ಹುಲ್ಲುಗಾವಲು ಅದನ್ನು ತಾನಾಗಿ ಮಾಡುತ್ತದೆ. ಅದನ್ನು ಕದಡದಿದ್ದರೆ ಸಾಕು. ನಮ್ಮ ಕೆರೆ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ನಮ್ಮದು. ಗಿಡ ನೆಡುವ ದಿನ ಫೋಟೋ ತೆಗೆಸಿಕೊಳ್ಳುವಷ್ಟು ಉತ್ಸಾಹ, ಗೋಡು ಎಲ್ಲಿಗೆ ಹೋಯಿತು ಎಂದು ಕೇಳುವುದರಲ್ಲೂ ಇರಲಿ.

ಹೂಳೆತ್ತುವ ಮಾತು ಬೇಸಿಗೆಗೆ ಮುಂಚೆ ಗ್ರಾಮಸಭೆಯಲ್ಲಿ ಬಂದೇ ಬರುತ್ತದೆ. ಆಗ ಮೂರು ಪ್ರಶ್ನೆ ಕೇಳಿ. ಎತ್ತಿದ ಗೋಡು ಯಾರ ಹೊಲಕ್ಕೆ, ಎಷ್ಟು ಲೋಡು? ಅಗೆಯುವುದು ಎಲ್ಲಿಯವರೆಗೆ, ಹೂಳಿನವರೆಗೋ, ಅದರ ಕೆಳಗಿನ ಮೂಲ ತಳದವರೆಗೋ? ಕೆರೆಗೆ ಬರುವ ರಾಜಕಾಲುವೆಯಲ್ಲಿ ಊರ ಕೊಳಚೆ ಸೇರುತ್ತಿದೆಯೋ, ಇಲ್ಲವೋ? ಸಣ್ಣ ಹಿಡುವಳಿದಾರರಿಗೆ, ಟ್ರ್ಯಾಕ್ಟರ್ ಇಲ್ಲದವರಿಗೆ ಮೊದಲ ಲೋಡು ಸಿಗುವ ಹಾಗೆ ಪಟ್ಟಿ ಮಾಡಿಸಿ. ಗೋಡು ಹೊಡೆಸುವ ಮೊದಲು ಹೊಲದ ಮಣ್ಣನ್ನು ಒಮ್ಮೆ, ಮೂರು ವರ್ಷ ಬಿಟ್ಟು ಇನ್ನೊಮ್ಮೆ ಪರೀಕ್ಷೆಗೆ ಕೊಡಿ. ಎರಡು ಚೀಟಿಗಳಲ್ಲೂ ಸಾವಯವ ಇಂಗಾಲದ ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿ. ಸಭೆಯಲ್ಲಿ ಸಿಕ್ಕ ಉತ್ತರಗಳನ್ನು ಮಾತ್ರ ಬಾಯಿಮಾತಿಗೆ ಬಿಡಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ.